ಅಂಗಡಿಯ ಲೆಕ್ಕ ಬರೆಯುವವರು ಯಾರು?

ಭಟ್ಕಳದ ಮಲ್ಲಿಗೆ ಮಾರುವವರು, ಹೊನ್ನಾವರದ ಮೀನುಪೇಟೆಯ ಹೆಂಗಸರು, ಕುಮಟಾದ ಚಹಾ ಅಂಗಡಿಯವರು ಹೆಚ್ಚಾಗಿ ಖಾತೆ ಪುಸ್ತಕ ಇಟ್ಟವರಲ್ಲ. ಲೆಕ್ಕವೆಲ್ಲ ತಲೆಯಲ್ಲೇ. 2016ರಲ್ಲಿ ಯುಪಿಐ ಬಂತು. ಅದೇ ವರ್ಷ ನವೆಂಬರಿನಲ್ಲಿ ನೋಟು ರದ್ದಾದದ್ದು ಅದಕ್ಕೆ ದಾರಿ ಮಾಡಿಕೊಟ್ಟಿತು. ಚಿಲ್ಲರೆಯ ತಕರಾರು ತಪ್ಪಿತು, ನಿಜ. ಆದರೆ ಗೋಡೆಗೆ ಅಂಟಿಸಿದ ಕ್ಯುಆರ್ ಚೀಟಿ ಸಂಬಳವಿಲ್ಲದ ಗುಮಾಸ್ತನಿದ್ದಂತೆ. ಬಂದ ಪ್ರತಿ ರೂಪಾಯಿಯನ್ನೂ ಬರೆದಿಡುತ್ತದೆ.

ಇದರ ಬಿಸಿ ತಟ್ಟಿದ್ದು 2025ರ ಜುಲೈನಲ್ಲಿ. ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ವರ್ಷದ ವಹಿವಾಟು ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಘಟ್ಟದ ಮೇಲಿನ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸ್! ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ತಾಜಾ ಮೀನು, ಹೂವಿಗೂ ಇಲ್ಲ. ಅವನ್ನಷ್ಟೇ ಮಾರುವವರಿಗೆ ನೋಂದಣಿಯೂ ಬೇಡ. ಆದರೆ ಬ್ಯಾಂಕಿನ ಪಟ್ಟಿಯಲ್ಲಿ ಮೊತ್ತ ಕಾಣುತ್ತದೆ, ಬಂಗುಡೆ ಕಾಣುವುದಿಲ್ಲ. ನೆಂಟರ ಕೈಸಾಲವೂ ವ್ಯಾಪಾರದಂತೆಯೇ ತೋರುತ್ತದೆ. ಖರೀದಿ ಚೀಟಿ, ದಿನವಹಿ, ವ್ಯಾಪಾರಕ್ಕೇ ಬೇರೆ ಬ್ಯಾಂಕ್ ಖಾತೆ ಇದ್ದವರಿಗಷ್ಟೇ ಉತ್ತರ ಕೊಡುವುದು ಸುಲಭ.

ನೋಂದಣಿ ಮಾಡಿಸಿದರೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿ ಅದೇ ತಿಂಗಳು ಭರವಸೆ ಕೊಟ್ಟರು. ಅಷ್ಟರಲ್ಲಿ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯುಆರ್ ಚೀಟಿ ಕಿತ್ತು ‘ನಗದು ಮಾತ್ರ’ ಎಂದು ಬರೆದಾಗಿತ್ತು.