ಉಪ್ಪಿನಕಾಯಿ ಬಾಟಲಿಯ ವಿಮಾನಯಾನ

ರಜೆ ಮುಗಿಸಿ ಊರಿನಿಂದ ಜುಬೈಲ್‌ಗೆ ಮರಳುವ ಕನ್ನಡಿಗರ ಪೆಟ್ಟಿಗೆಯಲ್ಲಿ ಬೇರೇನಿಲ್ಲದಿದ್ದರೂ ಒಂದು ಬಾಟಲಿ ಅಪ್ಪೆಮಿಡಿ, ಇನ್ನೊಂದು ಬಾಟಲಿ ತುಪ್ಪ ಇದ್ದೇ ಇರುತ್ತದೆ. ಕೈಚೀಲದಲ್ಲಿಟ್ಟುಕೊಂಡರೆ ತಪಾಸಣೆಯವರು ಬಿಡುವುದಿಲ್ಲ. ಹಾಗಾಗಿ ಅದು ದೊಡ್ಡ ಲಗೇಜನ್ನೇ ಸೇರಬೇಕು. ದಮ್ಮಾಮ್ ವಿಮಾನ ನಿಲ್ದಾಣದ ಬೆಲ್ಟಿನ ಮೇಲೆ ಪೆಟ್ಟಿಗೆಗಿಂತ ಮೊದಲು ಅದರ ಪರಿಮಳ ಬಂದರೆ ಕಥೆ ಮುಗಿಯಿತೆಂದೇ ಲೆಕ್ಕ!

ಈ ಭಯಕ್ಕೆ ನಾವು ಕಂಡುಕೊಂಡ ಮದ್ದು ಬಬಲ್ ರ‍್ಯಾಪ್ ಮತ್ತು ಥರ್ಮಾಕೋಲ್. ಎರಡೂ ಹುಟ್ಟುವುದು ನಮ್ಮಲ್ಲಿ ಅನೇಕರು ದುಡಿಯುವ ಪೆಟ್ರೋಕೆಮಿಕಲ್ ಉದ್ಯಮದಿಂದಲೇ. ಪಾಲಿಥಿಲೀನ್, ಸ್ಟೈರೀನ್ ಎಂಬ ಹೆಸರುಗಳು ಜುಬೈಲ್‌ನಲ್ಲಿ 1980ರ ದಶಕದಿಂದಲೂ ಪರಿಚಿತ. ಥರ್ಮಾಕೋಲ್‌ನಲ್ಲಿ ಶೇಕಡಾ 98 ಬರೀ ಗಾಳಿ. ಹಗುರ, ಅಗ್ಗ, ಕೆಲಸಕ್ಕೂ ಗಟ್ಟಿಗ. ಅದನ್ನು ಸುಮ್ಮನೆ ಹಳಿಯುವುದು ಸರಿಯಲ್ಲ. ತೊಂದರೆ ಇರುವುದು ಪೆಟ್ಟಿಗೆ ಬಿಚ್ಚಿದ ಮೇಲೆ. ಪುಡಿಯಾದ ಬಿಳಿ ಕಾಳುಗಳು ಗಾಳಿಗೆ ಹಾರಿ ಕಡಲು ಸೇರುತ್ತವೆ. ಇಲ್ಲಿಂದಾಚೆಯ ಕರಾನ್, ಜನಾ ದ್ವೀಪಗಳಿಗೆ ಹಸಿರು ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. 1991ರ ಯುದ್ಧದ ತೈಲ ಸೋರಿಕೆಯನ್ನು ಉಂಡ ಕಡಲು ಇದು. ಆಮೆಗೆ ತೇಲುವ ಪ್ಲಾಸ್ಟಿಕ್ಕಿಗೂ ಆಹಾರಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಹಾಗಾದರೆ ಬೇರೆ ದಾರಿ ಇದೆಯೇ? ಇದೆ, ಅದೂ ಹಳೆಯದೇ. ನಾವು ದಿನವೂ ನೋಡುವ ಅಲೆಯಲೆ ರಟ್ಟಿಗೂ ಬಾಟಲಿಗೂ ಹತ್ತಿರದ ನಂಟಿದೆ. 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಬಾಟಲಿಗಳಿಗೆ ಸುತ್ತಲೆಂದೇ ನೆರಿಗೆಯ ಕಾಗದಕ್ಕೆ ಪೇಟೆಂಟ್ ಪಡೆದ. 1874ರಲ್ಲಿ ಆಲಿವರ್ ಲಾಂಗ್ ಅದಕ್ಕೆ ಚಪ್ಪಟೆ ಹಾಳೆಯ ಬೆನ್ನು ಅಂಟಿಸಿದ. ಬಬಲ್ ರ‍್ಯಾಪ್ ಹುಟ್ಟಿದ್ದೋ 1957ರಲ್ಲಿ, ಗೋಡೆಗೆ ಅಂಟಿಸುವ ಅಲಂಕಾರದ ಕಾಗದವಾಗಲೆಂದು!

ನಮ್ಮವರೇನು ಕಡಿಮೆಯೇ? ಕರಾವಳಿಯಲ್ಲಿ ಬೈಹುಲ್ಲಿನ ಹಗ್ಗ ಸುತ್ತಿ ಕಟ್ಟಿದ ಅಕ್ಕಿಮುಡಿಯನ್ನು ಹಿರಿಯರು ಕಂಡಿದ್ದಾರೆ. ಬಳೆಗಾರನ ಮಲಾರ ನೆನೆಸಿಕೊಳ್ಳಿ. ಗಾಜಿನ ಬಳೆಗಳನ್ನು ಅಲುಗದಂತೆ ಒಂದಕ್ಕೊಂದು ಒತ್ತಿ ಕಟ್ಟಿ, ಹೆಗಲಿಗೇರಿಸಿ ಊರೂರು ಸುತ್ತುತ್ತಿದ್ದ. ಹುಲ್ಲನ್ನು ಮಾತ್ರ ಇಲ್ಲಿಗೆ ತರಲು ಹೋಗಬೇಡಿ; ಅದರೊಳಗಿನ ಕೀಟದ ಭಯಕ್ಕೆ ಹಲವು ದೇಶಗಳು ತಡೆಯೊಡ್ಡುತ್ತವೆ. ಮರದ ಪೆಟ್ಟಿಗೆಗೂ 2002ರಿಂದ ಅಂತಾರಾಷ್ಟ್ರೀಯ ನಿಯಮವಿದೆ: ಶಾಖದಿಂದ ಶುದ್ಧಿ ಮಾಡುವುದಾದರೆ ಮರದ ಒಳತಿರುಳೂ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಬೇಕು. ವ್ಯಾಪಾರಕ್ಕೆ ಕಳಿಸುವವರಿಗೆ ನನ್ನ ಮೆಚ್ಚುಗೆ ತೆಂಗಿನ ನಾರಿಗೆ. ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಏಳುತ್ತದೆ. ರಬ್ಬರ್ ಹಾಲು ಸಿಂಪಡಿಸಿದ ನಾರಿನ ಹಾಸು ಒಳ್ಳೆಯ ಮೆತ್ತೆ. ತಿಪಟೂರು, ಅರಸೀಕೆರೆಯ ಕಡೆ ತೆಂಗಿನ ಸಿಪ್ಪೆಗೇನು ಬರವೇ?

ಇನ್ನು ಮನೆಮಂದಿಯ ವಿಷಯ. ಬಾಟಲಿ ಒಡೆಯುವುದು ಅದು ಥಟ್ಟನೆ ನಿಲ್ಲುವುದರಿಂದ. 5 ಮಿಲಿಮೀಟರಿನಲ್ಲಿ ನಿಲ್ಲುವುದನ್ನು 5 ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ ಸರಾಸರಿ ಪೆಟ್ಟು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಬಾಟಲಿಯ ಸುತ್ತ ನಾಲ್ಕು ಬೆರಳು ಮೆತ್ತೆ ಇರಲಿ. ಗಾಜಿಗೆ ಗಾಜು ತಾಗದಿರಲಿ. ಪೆಟ್ಟಿಗೆ ಅಲ್ಲಾಡಿಸಿದರೆ ಸದ್ದು ಬರಬಾರದು. ಹಳೆಯ ಟವೆಲ್, ಲುಂಗಿ, ಅಮ್ಮನ ಹತ್ತಿ ಸೀರೆಗಿಂತ ಒಳ್ಳೆಯ ಮೆತ್ತೆ ಯಾವ ಅಂಗಡಿಯಲ್ಲೂ ಸಿಗದು. ರಟ್ಟಿನ ಪೆಟ್ಟಿಗೆಯನ್ನು ಮಾತ್ರ ಒಣಗಿದಲ್ಲಿಡಿ. ನಮ್ಮ ಬೇಸಿಗೆಯ ಕಡಲ ಸೆಕೆಯಂಥ ತೇವಕ್ಕೆ ಅದರ ಬಲ ಬಹಳ ಕುಗ್ಗುತ್ತದೆ.

ಬಾಟಲಿಯನ್ನು ಕುತ್ತಿಗೆಯವರೆಗೆ ತುಂಬಲೂ ಬೇಡಿ. ಹಾರಾಟದ ವೇಳೆ ವಿಮಾನದೊಳಗಿನ ಗಾಳಿಯ ಒತ್ತಡ ಹೆಚ್ಚೂಕಡಿಮೆ ಮುಳ್ಳಯ್ಯನಗಿರಿಯ ತುದಿಯಲ್ಲಿ ಇರುವಷ್ಟಕ್ಕೆ ಇಳಿಯುತ್ತದೆ. ಒಳಗಿನ ಗಾಳಿ ಹಿಗ್ಗಿ ಎಣ್ಣೆಯನ್ನು ಮುಚ್ಚಳದಾಚೆ ತಳ್ಳಬಹುದು. ಇಲ್ಲಿ ಒಂದು ಪ್ಲಾಸ್ಟಿಕ್ ಚೀಲ ಬೇಕೇ ಬೇಕು, ಹಟ ಬೇಡ. ಬಟ್ಟೆಯೆಲ್ಲ ಎಣ್ಣೆಯಾಗಿ, ಅಮ್ಮ ವರ್ಷವಿಡೀ ಜೋಪಾನ ಮಾಡಿದ ಮಿಡಿ ಕಸದ ಬುಟ್ಟಿ ಸೇರುವುದಕ್ಕಿಂತ ಅದು ಲೇಸು. ಬಳಸಿದ ಚೀಲವನ್ನು ತೊಳೆದು ಮುಂದಿನ ರಜೆಗೆ ಎತ್ತಿಡಿ.

ಬಾಟಲಿಗೆ ಮೊದಲ ಸುತ್ತು ಊರಿನ ಕನ್ನಡ ಪತ್ರಿಕೆಯದ್ದೇ ಇರಲಿ. ಇಲ್ಲಿ ಬಿಚ್ಚಿದ ಮೇಲೆ ಸುಕ್ಕು ನೀವಿ, ವಾರದ ಹಿಂದಿನ ತಾಲ್ಲೂಕು ಸುದ್ದಿಯನ್ನು ಎಣ್ಣೆಕಲೆಯ ಸಮೇತ ಓದುವವರು ನಮ್ಮಲ್ಲಿ ಬಹಳ ಮಂದಿ.