ಕೃತಕ ಮಂಡಿ ಹೊರುವ ಭಾರವೆಷ್ಟು?

ಯಂತ್ರದ ಬಿಡಿಭಾಗವೊಂದನ್ನು ತಯಾರಿಸಲು ಹೊರಟ ಉದ್ಯಮಿಯು ಕೇಳುವ ಮೊದಲ ಪ್ರಶ್ನೆ, ಅದು ಎಷ್ಟು ಭಾರವನ್ನು ಹೊರಬೇಕು ಎಂಬುದು. ಪಂಪಿಗಾಗಲಿ ಲಾರಿಗಾಗಲಿ ಈ ಪ್ರಶ್ನೆಗೆ ಉತ್ತರ ಸುಲಭವಾಗಿ ದೊರೆಯುತ್ತದೆ. ಆದರೆ ಮನುಷ್ಯನ ದೇಹದೊಳಗೆ ವರ್ಷಗಟ್ಟಲೆ ದುಡಿಯಬೇಕಾದ ಕೃತಕ ಮಂಡಿಯ ವಿಷಯದಲ್ಲಿ ಬಹುಕಾಲ ನೇರವಾದ ಉತ್ತರವಿರಲಿಲ್ಲ. ಆ ಉತ್ತರವು ದೊರೆತ ಬಗೆಯಲ್ಲಿ ಎಲ್ಲ ತಯಾರಕರಿಗೂ ಒಂದು ಪಾಠವಿದೆ.

ಕೃತಕ ಮಂಡಿಯಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ತೊಡೆಯ ಮೂಳೆಯ ತುದಿಗೆ ಕೂರಿಸುವ ಭಾಗವನ್ನು ಸಾಮಾನ್ಯವಾಗಿ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದಿಂದ ಮಾಡುತ್ತಾರೆ. ಕೆಳಗಾಲಿನ ಮೂಳೆಯ ಮೇಲೆ ಲೋಹದ ತಟ್ಟೆ ಕೂರುತ್ತದೆ. ಇವೆರಡರ ನಡುವೆ ವಿಶೇಷ ಪಾಲಿಥಿಲೀನ್‌ನ ಪದರವಿರುತ್ತದೆ. ಈ ಪದರವು ಸವೆದರೆ ಉದುರುವ ಸೂಕ್ಷ್ಮ ಕಣಗಳು ಸುತ್ತಲಿನ ಮೂಳೆಯನ್ನು ಕ್ಷೀಣಿಸುವಂತೆ ಮಾಡಿ ಕೀಲನ್ನು ಸಡಿಲಗೊಳಿಸಬಲ್ಲವು. ಆಗ ರೋಗಿಯು ಮತ್ತೊಮ್ಮೆ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಗುತ್ತದೆ. ಮರು ಶಸ್ತ್ರಚಿಕಿತ್ಸೆಯು ಮೊದಲನೆಯದಕ್ಕಿಂತ ಕಠಿಣ.

ಅಂದಾಜಿನಿಂದ ಅಳತೆಗೆ

ನಡಿಗೆಯ ಚಿತ್ರೀಕರಣ ಮತ್ತು ಪಾದವು ನೆಲವನ್ನು ಒತ್ತುವ ಬಲವನ್ನು ಆಧರಿಸಿ ಮಂಡಿಯ ಮೇಲಿನ ಭಾರವನ್ನು ಲೆಕ್ಕ ಹಾಕುವುದು ಹಳೆಯ ಪದ್ಧತಿ. ಆದರೆ ಸ್ನಾಯುಗಳ ಸೆಳೆತವನ್ನು ಊಹಿಸಬೇಕಾಗಿದ್ದುದರಿಂದ ಒಬ್ಬರ ಲೆಕ್ಕವು ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. ಕೀಲಿನೊಳಗೇ ಅಳತೆಯ ಸಾಧನವನ್ನು ಇರಿಸುವುದೊಂದೇ ನೇರ ಮಾರ್ಗವಾಗಿತ್ತು.

ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯ ಡ್ಯಾರಿಲ್ ಡಿ'ಲಿಮಾ ಮತ್ತು ಕ್ಲಿಫರ್ಡ್ ಕಾಲ್ವೆಲ್ ಅವರ ತಂಡವು 2004ರಲ್ಲಿ ಭಾರ ಅಳೆಯುವ ಸಂವೇದಕಗಳುಳ್ಳ ಕೃತಕ ಮಂಡಿಯನ್ನು ರೋಗಿಯೊಬ್ಬರಿಗೆ ಅಳವಡಿಸಿತು. ಜರ್ಮನಿಯ ಬರ್ಲಿನ್‌ನ ಶಾರಿಟೆ ಆಸ್ಪತ್ರೆಯಲ್ಲಿ ಗೇಯಾರ್ಗ್ ಬೆರ್ಗ್‌ಮನ್ ಅವರ ತಂಡವು ಸೊಂಟದ ಕೀಲಿನಲ್ಲಿ ಪಡೆದಿದ್ದ ಅನುಭವವನ್ನು ಮಂಡಿಗೂ ವಿಸ್ತರಿಸಿತು. ಬರ್ಲಿನ್‌ನ ಸಾಧನದಲ್ಲಿ ಆರು ಸ್ಟ್ರೇನ್ ಗೇಜ್‌ಗಳಿದ್ದು, ಮೂರು ದಿಕ್ಕಿನ ಬಲಗಳನ್ನೂ ಮೂರು ದಿಕ್ಕಿನ ತಿರುಚುವಿಕೆಗಳನ್ನೂ ಅಳೆಯುತ್ತವೆ. ಅದರಲ್ಲಿ ಬ್ಯಾಟರಿ ಇಲ್ಲ. ಅಳತೆಯ ಸಮಯದಲ್ಲಿ ಕಾಲಿನ ಸುತ್ತ ತೊಡಿಸುವ ತಂತಿಯ ಸುರುಳಿಯಿಂದ ವಿದ್ಯುತ್ ಒದಗುತ್ತದೆ. ಅಂಕಿಗಳು ರೇಡಿಯೋ ಸಂಕೇತವಾಗಿ ಹೊರಬರುತ್ತವೆ.

ಅಂಕಿಗಳು ಹೇಳುವುದೇನು?

ಐವರು ರೋಗಿಗಳಿಂದ ಪಡೆದ ಅಳತೆಗಳನ್ನು ಬರ್ಲಿನ್ ತಂಡವು 2010ರಲ್ಲಿ ಪ್ರಕಟಿಸಿತು. ಸರಾಸರಿ ಗರಿಷ್ಠ ಭಾರವು ಎರಡೂ ಕಾಲಿನ ಮೇಲೆ ನಿಂತಾಗ ದೇಹತೂಕದ ಶೇ. 107ರಷ್ಟು, ಕುರ್ಚಿಯಿಂದ ಏಳುವಾಗ ಶೇ. 246, ಸಮತಟ್ಟಾದ ನೆಲದ ಮೇಲೆ ನಡೆಯುವಾಗ ಶೇ. 261, ಮೆಟ್ಟಿಲು ಹತ್ತುವಾಗ ಶೇ. 316 ಹಾಗೂ ಮೆಟ್ಟಿಲು ಇಳಿಯುವಾಗ ಶೇ. 346 ಎಂದು ಕಂಡುಬಂದಿತು. ಅಂದರೆ 75 ಕಿಲೋ ತೂಕದ ವ್ಯಕ್ತಿಯು ಮೆಟ್ಟಿಲು ಇಳಿಯುವಾಗ ಒಂದು ಮಂಡಿಯ ಮೇಲೆ ಸುಮಾರು 260 ಕಿಲೋ ಭಾರ ಬೀಳುತ್ತದೆ. ದೇಹದ ಸಮತೋಲನ ಕಾಯಲು ಸ್ನಾಯುಗಳು ಬಿಗಿಯಾಗಿ ಎಳೆಯುವುದೇ ಈ ಹೆಚ್ಚಳಕ್ಕೆ ಕಾರಣ.

ಕೃತಕ ಮಂಡಿಯ ಸವೆತವನ್ನು ಪರೀಕ್ಷಿಸುವ ಐಎಸ್‌ಒ 14243 ಮಾನಕವು ಸಮತಟ್ಟಾದ ನಡಿಗೆಯನ್ನು ಆಧರಿಸಿದ್ದು, ಅದರಲ್ಲಿ ಗರಿಷ್ಠ ಬಲ ಸುಮಾರು 2,600 ನ್ಯೂಟನ್, ಅಂದರೆ ಸುಮಾರು 265 ಕಿಲೋ. ಯಂತ್ರದಲ್ಲಿ 50 ಲಕ್ಷ ಹೆಜ್ಜೆಗಳನ್ನು ನಡೆಸಬೇಕು. ಸೆಕೆಂಡಿಗೆ ಒಂದು ಹೆಜ್ಜೆಯಂತೆ ಬಿಡುವಿಲ್ಲದೆ ನಡೆಸಿದರೂ ಸುಮಾರು 58 ದಿನ ಬೇಕು. 75 ಕಿಲೋ ತೂಕದವರ ನಡಿಗೆಗೆ ಈ ಬಲ ಧಾರಾಳ. ಆದರೆ 100 ಕಿಲೋ ತೂಕದವರು ಮೆಟ್ಟಿಲು ಇಳಿಯುವಾಗ, ಮೇಲಿನ ಸರಾಸರಿಯಂತೆ, ಮಂಡಿಯ ಮೇಲೆ ಸುಮಾರು 346 ಕಿಲೋ ಬೀಳುತ್ತದೆ. ಮಾನಕದಲ್ಲಿ ತೇರ್ಗಡೆಯಾದ ಮಾತ್ರಕ್ಕೆ ಬಳಕೆದಾರನ ಇಡೀ ದಿನಚರಿಯು ಪರೀಕ್ಷೆಗೆ ಒಳಗಾದಂತಲ್ಲ ಎಂಬುದನ್ನು ತಯಾರಕರು ಗಮನಿಸಬೇಕು.

ಸಣ್ಣ ಉದ್ಯಮಕ್ಕೂ ತೆರೆದ ಬಾಗಿಲು

ಇಂತಹ ಸಂಶೋಧನೆಯನ್ನು ಸ್ವಂತ ಖರ್ಚಿನಲ್ಲಿ ಕೈಗೊಳ್ಳುವುದು ಸಣ್ಣ ಕೈಗಾರಿಕೆಗೆ ಅಸಾಧ್ಯ. ಬರ್ಲಿನ್ ತಂಡವು ತನ್ನ ಅಳತೆಗಳನ್ನು 'ಆರ್ಥೋಲೋಡ್' ಎಂಬ ದತ್ತಸಂಗ್ರಹದಲ್ಲಿ ಸಾರ್ವಜನಿಕರಿಗೆ ಉಚಿತವಾಗಿ ಒದಗಿಸಿದೆ. ತಮ್ಮ ದೇಹದಲ್ಲಿ ಅಳತೆಯ ಸಾಧನವನ್ನು ಹೊರಲು ಒಪ್ಪಿದ ಕೆಲವೇ ರೋಗಿಗಳ ಔದಾರ್ಯದ ಫಲವಿದು. ಕೀಲಿನ ಭಾಗಗಳನ್ನು ತಯಾರಿಸುವವರು ಮಾತ್ರವಲ್ಲದೆ, ಪರೀಕ್ಷಾ ಯಂತ್ರ, ಊರುಗೋಲು, ವ್ಯಾಯಾಮ ಸಾಧನಗಳನ್ನು ತಯಾರಿಸುವವರೂ ಇದನ್ನು ಬಳಸಿಕೊಳ್ಳಬಹುದು.

ಭಾರತದಲ್ಲಿ 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ಕೃತಕ ಮಂಡಿಗಳಿಗೆ ಗರಿಷ್ಠ ಬೆಲೆಯನ್ನು ಗೊತ್ತುಪಡಿಸಿತು. 2018ರ ಜನವರಿಯಿಂದ ವೈದ್ಯಕೀಯ ಸಾಧನಗಳ ನಿಯಮಗಳು ಜಾರಿಗೆ ಬಂದವು. ಬೆಲೆಗೆ ಮಿತಿಯಿದ್ದಾಗ ಪರೀಕ್ಷೆಯ ಖರ್ಚನ್ನು ಕಡಿತಗೊಳಿಸುವ ಆಸೆ ಸಹಜವಾದರೂ, ಅದರ ನಷ್ಟವನ್ನು ಕಡೆಗೆ ಭರಿಸುವವನು ರೋಗಿ.

ಗಮನಿಸಬೇಕಾದ ಇನ್ನೊಂದು ಅಂಶವಿದೆ. 2010ರ ಆ ಅಧ್ಯಯನದ ಪಟ್ಟಿಯಲ್ಲಿ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕುಳಿತು ಏಳುವುದು ಸೇರಿಲ್ಲ. ನಮ್ಮ ಮನೆಗಳಲ್ಲಿ ಅದು ನಿತ್ಯದ ರೂಢಿ. ಬರ್ಲಿನ್‌ನ ಅಂಕಿಗಳನ್ನು ಆಧಾರವಾಗಿಟ್ಟುಕೊಂಡು ನಮ್ಮ ಬಳಕೆದಾರರ ದಿನಚರಿಯನ್ನೂ ಅಳೆದು ನೋಡುವುದು ಇಲ್ಲಿನ ಉದ್ಯಮ ಮತ್ತು ತಾಂತ್ರಿಕ ವಿದ್ಯಾಲಯಗಳು ಜೊತೆಗೂಡಿ ಮಾಡಬಹುದಾದ ಕೆಲಸ. ಸರಕು ಯಾವುದೇ ಇರಲಿ, ಅದು ಹೊರಬೇಕಾದ ಭಾರವನ್ನು ಕಾರ್ಖಾನೆಯಲ್ಲಿ ಊಹಿಸುವುದಕ್ಕಿಂತ ಬಳಸುವವನ ಬಳಿಗೆ ಹೋಗಿ ಅಳೆಯುವುದೇ ಲೇಸು.