ಹಿಂದಿನ ಗಾಲಿಯ ಜಾರು

ತುಂಗಭದ್ರೆಯ ಅಣೆಕಟ್ಟಿನ ಮಗ್ಗುಲಲ್ಲಿರುವ ಮುನಿರಾಬಾದಿನಿಂದ ಕೊಪ್ಪಳದತ್ತ ಹಳೆಯ ಅಂಬಾಸಡರ್ ಕಾರೊಂದು ಬರುತ್ತಿದೆಯೆಂದು ಭಾವಿಸಿರಿ. ತಿರುವಿನಲ್ಲಿ ಅದರ ಹಿಂಭಾಗ ಹೊರಕ್ಕೆ ಜಾರುತ್ತದೆ; ಚಾಲಕನು ಬಯಸಿದ್ದಕ್ಕಿಂತ ಹೆಚ್ಚಾಗಿ ಕಾರು ಒಳಕ್ಕೆ ತಿರುಗುತ್ತದೆ. ಈ ದೋಷಕ್ಕೆ ಓವರ್‌ಸ್ಟಿಯರ್ ಎಂದು ಹೆಸರು. ಗಾಬರಿಯಿಂದ ಒಮ್ಮೆಲೇ ಬ್ರೇಕ್ ಒತ್ತಿದರೆ ಭಾರವು ಮುಂದಕ್ಕೆ ವಾಲಿ, ಹಗುರಾದ ಹಿಂದಿನ ಗಾಲಿಗಳು ಇನ್ನಷ್ಟು ಹಿಡಿತ ತಪ್ಪುತ್ತವೆ. ಪ್ರಾಣಕ್ಕೆ ಸಂಚಕಾರ ಬರುವುದು ಇಲ್ಲಿಯೇ.

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್ ಸಂಸ್ಥೆಯು 2014ರವರೆಗೆ ತಯಾರಿಸಿದ ಈ ಕಾರಿನ ಹಿಂದಿನ ಗಾಲಿಗಳೆರಡಕ್ಕೂ ಒಂದೇ ಅಚ್ಚು. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗುಗಳು ಭಾರವನ್ನು ಹೊರುವುದಷ್ಟೇ ಅಲ್ಲ, ಅಚ್ಚನ್ನು ನೆಟ್ಟಗೆ ಹಿಡಿದಿಡುವುದೂ ಅವುಗಳದೇ ಕೆಲಸ. ಪಟ್ಟಿಯ ತುದಿಯ ರಬ್ಬರ್ ಬುಷ್ ಸವೆದರೆ, ಅಥವಾ ಅಚ್ಚನ್ನು ಬಿಗಿದ ಬೋಲ್ಟು ಸಡಿಲಗೊಂಡರೆ, ತಿರುವಿನಲ್ಲಿ ಅಚ್ಚು ಕೊಂಚ ಓರೆಯಾಗುತ್ತದೆ. ಆಗ ಹಿಂದಿನ ಗಾಲಿಗಳೂ ಚಾಲಕನ ಅಪ್ಪಣೆಯಿಲ್ಲದೆ ಕಾರನ್ನು ತಿರುಗಿಸತೊಡಗುತ್ತವೆ! ಅಚ್ಚು ಸಡಿಲಾದ ಎತ್ತಿನ ಬಂಡಿಯ ಹಿಂದೆ ನಡೆದವರಿಗೆ ಈ ಓಲಾಟ ಅಪರಿಚಿತವಲ್ಲ.

ಜಾಣನಾದ ಮೆಕ್ಯಾನಿಕನು ಮೊದಲಿಗೇ ಸ್ಪ್ರಿಂಗು ಬಿಚ್ಚುವುದಿಲ್ಲ. ಟೈರುಗಳ ಗಾಳಿಯನ್ನು ಅಳೆಯುತ್ತಾನೆ. ಹಿಂದಿನವುಗಳಲ್ಲಿ ಗಾಳಿ ಕಡಿಮೆಯಿದ್ದರೆ ದೋಷವೆಲ್ಲ ಅಷ್ಟೇ ಇರಬಹುದು. ಅನಂತರ ಕಾರಿನ ಹಿಂದಿನ ಮೂಲೆಯನ್ನು ಒತ್ತಿ ಬಿಡುತ್ತಾನೆ. ಅದು ಮತ್ತೆ ಮತ್ತೆ ಕುಣಿದರೆ ಷಾಕ್ ಅಬ್ಸಾರ್ಬರ್ ಸತ್ವಗುಂದಿದೆ ಎಂದರ್ಥ. ಆಮೇಲೆ ಮುಂದಿನ ಗಾಲಿಗಳನ್ನು ನೇರವಾಗಿಸಿ, ಅವುಗಳ ನಡುವಿನಿಂದ ಹಿಂದಿನ ಗಾಲಿಗಳ ನಡುವಿನವರೆಗೆ ಎರಡೂ ಬದಿಗೆ ಟೇಪು ಹಿಡಿಯುತ್ತಾನೆ. ಅಳತೆಗಳು ಬೇರೆಯಾದರೆ ಅಚ್ಚು ಸರಿದಿರುವ ಶಂಕೆ ಮೂಡುತ್ತದೆ. ಆಗಲೇ ಅವನು ಕಾರಿನಡಿ ಮಲಗಿ, ಸ್ಪ್ರಿಂಗಿನ ತುದಿಯನ್ನು ಸನ್ನೆಕೋಲಿನಿಂದ ಮೀಟಿ ನೋಡುವುದು.